ಶ್ವಾನನಾಮ ವಿಚಾರ

ಗಂಡುನಾಯಿಮರಿಯೊಂದನ್ನು ಸಾಕಿರುವ ವಾಚಕ ಮಹಾಶಯರೊಬ್ಬರು ಅದಕ್ಕೆ ಪ್ರಾಚೀನ ರೋಮನರ ಹೆಸರೊಂದನ್ನು ಸೂಚಿಸಬೇಕೆಂದು ಕೇಳಿರುವರು. ಅವರ ಮನಸ್ಸು ‘ಅಗಸ್ಟಸ್’ ಎಂಬ ಚಕ್ರವರ್ತಿಯ ಹೆಸರಿಗೆ ಒಲಿದಿದೆ. ಆದರೆ ರೋಮನರೇ ಈ ವಿಷಯದಲ್ಲಿ ಏನು ಹೇಳಿರುವರೆಂಬುದನ್ನು ಮೊದಲು ನೋಡುವುದು ಲೇಸು.

ಕ್ರಿ. ಶ. 1ನೆಯ ಶತಮಾನದಲ್ಲಿ ಕೊಲುಮೆಲ್ಲ ಎಂಬಾತನು ಕೃಷಿಯನ್ನು ಕುರಿತು 12 ಭಾಗಗಳ ಲ್ಯಾಟಿನ್ ಗ್ರಂಥವೊಂದನ್ನು ರಚಿಸಿದನು. ನಾಯಿಯ ಹೆಸರು ಅತಿದೀರ್ಘವಾಗಿರಬಾರದು, ಕರೆದೊಡನೆ ಅದಕ್ಕೆ ಕೇಳಿಸಬೇಕು. ಛಂದಸ್ಸಿನ ಲೆಕ್ಕದಲ್ಲಿ 2 ಅಕ್ಷರಗಳಿಗೆ ಕಡಮೆಯೂ ಆಗಬಾರದು ಎಂದು ಅದರ 7ನೆಯ ಭಾಗದಲ್ಲಿ ವಿಧಿಸಿರುವನು. ಗಂಡುನಾಯಿಗೆ ಆತನು ಕೊಟ್ಟಿರುವ ಲ್ಯಾಟಿನ್ ಹೆಸರುಗಳು ಎರಡು: ‘ಫೆರೋಕ್ಸ್’ ಎಂದರೆ ಉಗ್ರ; ‘ಕೆಲೆರ್’ ಎಂದರೆ ಶೀಘ್ರಗಾಮಿ. ‘ಲುಪ’, ‘ಟಿಗ್ರಿಸ್’ ಮೊದಲಾದವು ಹೆಣ್ಣುನಾಯಿಗಳಿಗೆ ಸಂದವು.

ಇನ್ನೊಂದು ಸೂಕ್ಷ್ಮವುಂಟು. ಸಂಸ್ಕೃತದ ‘ರಾಮಃ’ ಎಂಬುದು ಕರೆಯುವಾಗ ‘ರಾಮ’ ಎಂದಾಗುವಂತೆ, ತೋಳವೆಂಬರ್ಥದ ಲ್ಯಾಟಿನ್ ‘ಲುಪುಸ್’ ಶಬ್ದವು ಸಂಬೋಧನೆಯಲ್ಲಿ ‘ಲುಪೆ’ ಆಗುವುದು. ಕೆಲೆರ್, ಫೆರೋಕ್ಸ್ ಎಂಬವು ಹಾಗೆ ಮಾರ್ಪಡುವುದಿಲ್ಲ. ನಾಯಿಯ ಕಿವಿಗೆ ಸದಾ ಒಂದೇ ದನಿ.

ನಾಯಿಗೆ ಹೆಸರಿಡುವುದು ಒಡೆಯನ ಪಾಂಡಿತ್ಯಪ್ರದರ್ಶನಕ್ಕಲ್ಲ. ಮರಿಯು ಬೀದಿಗೆ ಓಡಿ ವಾಹನದ ಎದುರಿಗೆ ಸಿಕ್ಕಾಗ, ‘ಅಗಸ್ಟಸ್’ ಎಂದು ಕೂಗಿ ಮುಗಿಸುವಷ್ಟರಲ್ಲಿ ಅನರ್ಥವಾದೀತು. ನಿತ್ಯವೂ ಉಗ್ರನೆಂದು ಕರೆಯುವುದು ಮಕ್ಕಳಿರುವ ಮನೆಗೆ ಒಪ್ಪದು. ಆದುದರಿಂದ ‘ಕೆಲೆರ್’ ಎಂದೇ ಕರೆಯಿರಿ. ಆದರೆ ಗದರುವಾಗ ಆ ಹೆಸರನ್ನು ಎತ್ತಬೇಡಿರಿ. ಹೆಸರು ಕಿವಿಗೆ ಬಿದ್ದೊಡನೆ ಮರಿಯು ಓಡಿಬರಬೇಕೇ ಹೊರತು ಅಡಗಿಕೊಳ್ಳಬಾರದು.