ಆಮೆಯ ತೊಟ್ಟಿಗೊಂದು ಉಷ್ಣಮಾಪಕ

ಆಮೆ ಸಾಕುವವರು ಅದಕ್ಕೆ ಏನು ತಿನ್ನಿಸಬೇಕೆಂದು ಕೇಳುವುದುಂಟು. ನೀರು ಎಷ್ಟು ಬೆಚ್ಚಗಿರಬೇಕೆಂದು ಕೇಳುವವರನ್ನು ನಾನಂತೂ ಕಂಡಿಲ್ಲ. ಮೊದಲು ಕೇಳಬೇಕಾದುದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ, ಅದೂ ಕಲಾ ವಿಭಾಗಕ್ಕೆ. ಆದರೂ ಇಷ್ಟು ತಿಳಿಯಲು ಪ್ರಯೋಗಶಾಲೆಯೇನೂ ಬೇಡ.

ಪೇಟೆಯಲ್ಲಿ ಮಾರುವ ಕೆಂಪು ಕಿವಿಯ ಪುಟ್ಟ ಆಮೆಯ ತವರು ಅಮೆರಿಕದ ಮಿಸಿಸಿಪ್ಪಿ ಕಣಿವೆ. (ನಮ್ಮ ಕೆರೆಯ ಆಮೆಯನ್ನು ಹಿಡಿದು ಸಾಕುವುದು ೧೯೭೨ರ ವನ್ಯಜೀವಿ ಕಾಯಿದೆಯಂತೆ ಅಪರಾಧ, ಆ ಮಾತು ಇಲ್ಲಿ ಬೇಡ.) ಆಮೆಯು ಮೈಕಾವನ್ನು ತಾನೇ ಉಂಟುಮಾಡಿಕೊಳ್ಳಲಾರದು, ನೀರಿನ ಕಾವೇ ಅದರ ಕಾವು. ೨೪ರಿಂದ ೨೭ ಡಿಗ್ರಿ ಸೆಲ್ಸಿಯಸ್ ಇದ್ದರೆ ತಿನ್ನುತ್ತದೆ, ತಿಂದದ್ದು ಅರಗುತ್ತದೆ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಚಳಿ ೧೫ ಡಿಗ್ರಿಗೂ ಇಳಿಯುವುದುಂಟು. ನೀರು ತಣ್ಣಗೇ ಉಳಿದರೆ ಆಮೆ ಆಹಾರ ಬಿಡುತ್ತದೆ. ಮೂಗಿನಲ್ಲಿ ಗುಳ್ಳೆ ಕಂಡು, ಓರೆಯಾಗಿ ಈಜತೊಡಗಿದರೆ ಶ್ವಾಸಕೋಶಕ್ಕೇ ರೋಗ ತಗಲಿರಬಹುದು. ಮನೆಯವರೋ, ‘ಸೋಮಾರಿ’ ಎಂದು ನಗುತ್ತಾರೆ! ಚೆನ್ನಾಗಿ ಸಾಕಿದರೆ ೨೦ ವರ್ಷಕ್ಕೂ ಮೇಲೆ ಬದುಕಬಲ್ಲ ಪ್ರಾಣಿಯಿದು.

ಉಷ್ಣಮಾಪಕ, ತೊಟ್ಟಿಯ ಹೀಟರು, ಬಿಸಿಲು ಕಾಯಲು ಒಂದು ಒಣಗಲ್ಲು, ಬೇಕಾದುದು ಇಷ್ಟೇ. ಆಮೆಗೆ ಕೊಟ್ಟ ದುಡ್ಡಿಗಿಂತ ಇವಕ್ಕೇ ಹೆಚ್ಚು ಬಿದ್ದೀತು. ಅದಕ್ಕೆ ಒಪ್ಪದ ಮಿತ್ರರು ದಯವಿಟ್ಟು ಆಮೆಯನ್ನು ಕೊಳ್ಳದಿರಲಿ.