ಮಾತನ್ನು ಕೆಳಗಿಡುವ ಗೆಳೆತನ

ಕನ್ನಡ ಪಾಠ ಹೇಳುವ ನನಗೆ ಹುಡುಗರ ಮಾತನ್ನು ತಿದ್ದುವ ಚಪಲ ಬಹುಕಾಲದ್ದು. ಕೊರಿಯಾದ ಹರೆಯದವರ ನುಡಿಯ ಸಂಗತಿಯನ್ನು ಓದಿದ ಮೇಲೆ ನನ್ನ ಕೆಂಪು ಶಾಯಿ ತುಸು ಹಿಂಜರಿಯುತ್ತಿದೆ.

ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ 9 ಲಿಪಿಯ ಹಬ್ಬ. ಸೇಜೋಂಗ್ ಅರಸನು 1446ರಲ್ಲಿ ಹಂಗುಲ್ ಅಕ್ಷರಗಳನ್ನು ಪ್ರಜೆಗಳಿಗೆ ಸಾರಿದುದರ ನೆನಪು. ಆ ಹಬ್ಬ ಬಂದಾಗಲೆಲ್ಲ, ಮಕ್ಕಳು ನುಡಿಯನ್ನು ಕೆಡಿಸಿದರೆಂಬ ಹಿರಿಯರ ಗೊಣಗೂ ಕೇಳಿಬರುತ್ತದೆ. ಮಕ್ಕಳ ಮಾತಿನ ರೀತಿಗೆ ಬಿದ್ದಿರುವ ಹೆಸರು ‘ಗುಪ್ಶಿಕ್‌ಚೆ’. ಶಾಲೆಯ ಊಟ ಉಣ್ಣುವವರ ಶೈಲಿ ಎಂದರ್ಥ. ಹೆಸರಿನಲ್ಲಿಯೇ ಹಂಗಿಸುವ ದನಿಯುಂಟು.

ಆದರೆ ಆ ಭಾಷೆಯ ಸ್ವರೂಪವನ್ನು ಗಮನಿಸಬೇಕು. ಅಲ್ಲಿ ವಾಕ್ಯದ ಕೊನೆಯ ಕ್ರಿಯಾಪದವೇ ಯಾರು ಮೇಲು, ಯಾರು ಕೆಳಗು ಎಂಬುದನ್ನು ಸಾರಿಬಿಡುತ್ತದೆ. ಹಿರಿಯರೊಡನೆ ಆಡುವುದು ಗೌರವದ ನುಡಿ. ಸರೀಕರೊಡನೆ ‘ಬನ್‌ಮಾಲ್’, ಎಂದರೆ ಅರ್ಧಮಾತು. ಶಾಲೆಯಲ್ಲಿ ಒಂದೇ ತರಗತಿ ಮುಂದಿದ್ದವನಿಗೂ ಮರ್ಯಾದೆ ತಪ್ಪುವಂತಿಲ್ಲ. ಇಬ್ಬರು ಗೌರವದ ಪ್ರತ್ಯಯಗಳನ್ನು ತೊರೆಯಲು ಒಪ್ಪುವುದಕ್ಕೆ ಅವರು ‘ಮಾತನ್ನು ಕೆಳಗಿಡುವುದು’ ಎನ್ನುತ್ತಾರೆ. ಹೊತ್ತ ಹೊರೆಯನ್ನು ಇಳಿಸಿದಂತೆ! ನಮ್ಮಲ್ಲಿಯೂ ‘ನೀವು’ ಎಂಬುದು ‘ನೀನು’ ಆಗುವ ಗಳಿಗೆ ಇಂಥದೇ ಅಲ್ಲವೆ? ಹೆಜ್ಜೆಹೆಜ್ಜೆಗೂ ಹಿರಿತನವನ್ನು ಅಳೆಯುವ ಭಾಷೆಯಲ್ಲಿ, ಗೆಳೆಯರ ಒರಟು ಮಾತೇ ಸಮಾನತೆಯ ಅಂಗಳ.

ಆ ಅಂಗಳದ ಆಟಗಳೂ ಸೊಗಸು. ನಾಯಿಗೆ ಮುದ್ದಿನ ಹೆಸರು ‘ಮೊಂಗ್‌ಮೊಂಗಿ’. ಬರಹದಲ್ಲಿ ಅದರ ಅಕ್ಷರವನ್ನೇ ಹೋಲುವ ಬೇರೊಂದನ್ನಿಟ್ಟು ‘ಡ್ಯಾಂಗ್‌ಡ್ಯಾಂಗಿ’ ಮಾಡಿದರು. ಅಂತರಜಾಲದ ಈ ಕುಚೋದ್ಯವನ್ನು ಮಕ್ಕಳು ಹಬ್ಬಿಸಿದರು. ಕೊನೆಗೆ ಅಂಗಡಿಗಳ ಜಾಹೀರಾತಿಗೂ ಅದು ಏರಿತು. ಅಕ್ಷರದ ಆಕಾರ ಕಣ್ಣಲ್ಲಿ ನಿಂತವರಿಗಲ್ಲದೆ ಈ ಆಟ ಸಾಧ್ಯವಿಲ್ಲ. ಇದನ್ನು ಅಜ್ಞಾನವೆನ್ನಲು ನಾನು ಸಿದ್ಧನಿಲ್ಲ.

ಆದರೂ ಅಂಗಳಕ್ಕೆ ಬೇಲಿಯೂ ಇರುತ್ತದೆ. ಉತ್ತರ ಕೊರಿಯಾದಿಂದ ಬಂದು ದಕ್ಷಿಣದ ಶಾಲೆ ಸೇರಿದ ಹುಡುಗನನ್ನು ನೆನೆಯಿರಿ. ತಾಯ್ನುಡಿ ಒಂದೇ, ಆದರೆ ಉಚ್ಚಾರಣೆ ಬೇರೆ, ಇಂಗ್ಲಿಷಿನಿಂದ ಬಂದ ಮಾತುಗಳು ಅಪರಿಚಿತ, ಸಹಪಾಠಿಗಳ ಮೊಟಕು ಪದಗಳಂತೂ ಒಗಟು. ತನ್ನದೇ ಭಾಷೆಯಲ್ಲಿ ಅವನು ಪರದೇಶಿ. ಬಾಯಿ ತೆರೆದರೆ ಗುಟ್ಟು ರಟ್ಟಾದೀತೆಂದು ಸುಮ್ಮನಿರುವ ಮಗುವಿನ ಮೌನಕ್ಕೆ ಯಾವ ವ್ಯಾಕರಣದಲ್ಲಿ ಹೆಸರಿದೆ?

ಹರೆಯದವರು ಭಾಷೆಯನ್ನು ಕೆಡಿಸಿದರೆ ಎಂದು ಕೇಳುವುದನ್ನು ನಾವು ಉಪಾಧ್ಯಾಯರು ಬಿಡೋಣ. ಭಾಷೆ ಗಟ್ಟಿ ಜೀವ, ಸೈರಿಸಿಕೊಂಡೀತು. ಅವರ ಮಾತಿನಿಂದ ಯಾರು ಹೊರಗುಳಿದರು ಎಂಬುದನ್ನು ಕೇಳೋಣ. ತಿದ್ದಬೇಕಾದ ತಪ್ಪು ಇದ್ದರೆ ಅಲ್ಲಿದೆ.