ಬಾಡಿಗೆ ಕಾರಿನ ‘ಫುಲ್ ಕವರ್’ ಎಷ್ಟು ಫುಲ್?

ಸಿಡ್ನಿಯಲ್ಲಿ ದುಡಿಯುವ ನಮ್ಮೂರಿನ ಹುಡುಗನೊಬ್ಬ ಕಳೆದ ರಜೆಯಲ್ಲಿ ಮೆಲ್ಬರ್ನಿಗೆ ಹೋಗಲು ಬಾಡಿಗೆ ಕಾರು ತೆಗೆದುಕೊಂಡ. ಕೌಂಟರಿನಲ್ಲಿ ಕೇಳಿದಾಗ ‘ಇನ್ಶೂರೆನ್ಸ್ ಇದೆ’ ಅಂದರು. ಹ್ಯೂಮ್ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ 900 ಕಿಲೋಮೀಟರ್ ದಾರಿ. ಅರ್ಧ ದಾರಿಯಲ್ಲಿ ಸುಸ್ತಾಗಿ ಸ್ಟಿಯರಿಂಗನ್ನು ಜೊತೆಗಿದ್ದ ಅಣ್ಣನಿಗೆ ಕೊಟ್ಟ. ಅಣ್ಣನ ಹೆಸರು ಕಾಗದದಲ್ಲಿ ಇರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ರಿವರ್ಸ್ ತೆಗೆಯುವಾಗ ಹಿಂದೆ ನಿಂತಿದ್ದ ಕಾರಿಗೆ ತಾಗಿತು. ಯಾರಿಗೂ ಗಾಯವಿಲ್ಲ. ಆದರೆ ಎರಡೂ ಕಾರಿನ ರಿಪೇರಿ ಸೇರಿ 7,000 ಡಾಲರಿಗೂ ಮೇಲಿನ ಬಿಲ್ ಹುಡುಗನ ಹೆಸರಿಗೆ ಬಂತು. ತಂಗಿಯ ಮದುವೆಗೆಂದು ಕೂಡಿಟ್ಟ ಹಣ ಅದಕ್ಕಿಂತ ಕಡಿಮೆಯಿತ್ತು. ಕಾಗದ ಹಿಡಿದು ನಮ್ಮ ಬಳಿ ಬಂದವನ ಪ್ರಶ್ನೆ ಒಂದೇ: “ಇನ್ಶೂರೆನ್ಸ್ ಇತ್ತಲ್ಲ ಕಾಕಾ?”

ಇತ್ತು. ಆದರೆ ಅವನು ಅಂದುಕೊಂಡ ಇನ್ಶೂರೆನ್ಸ್ ಅದಲ್ಲ.

ಊರಿನಲ್ಲಿ ನಾವು ‘ಥರ್ಡ್ ಪಾರ್ಟಿ’ ಅನ್ನುವಾಗ ಎದುರಿನವನ ಗಾಯದ ಜೊತೆ ಅವನ ಗಾಡಿಯ ಹಾನಿಯೂ ಒಂದು ಮಿತಿಯೊಳಗೆ ಸೇರಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ರಿಜಿಸ್ಟ್ರೇಶನ್ ಜೊತೆಗೆ ಕಡ್ಡಾಯವಾಗಿ ಬರುವ ವಿಮೆ ಮನುಷ್ಯರ ಗಾಯ ಮತ್ತು ಸಾವಿಗೆ ಮಾತ್ರ. ಸಿಡ್ನಿಯಲ್ಲಿ ಅದಕ್ಕೆ ‘ಗ್ರೀನ್ ಸ್ಲಿಪ್’ ಅನ್ನುತ್ತಾರೆ. ಮೆಲ್ಬರ್ನಿನಲ್ಲಿ ಆ ಕೆಲಸ ಟಿಎಸಿ ಎಂಬ ಸರಕಾರಿ ಸಂಸ್ಥೆಯದ್ದು. ಬಂಪರಿಗೆ, ಬಾಗಿಲಿಗೆ, ಯಾರದ್ದೋ ಗೇಟಿಗೆ ಇದರಿಂದ ಒಂದು ಡಾಲರೂ ಸಿಗುವುದಿಲ್ಲ.

ಹಾಗಾದರೆ ಬಾಡಿಗೆ ಕಂಪನಿಯವರು ‘ಇದೆ’ ಅಂದದ್ದು ಯಾವುದು? ಹೆಚ್ಚಿನ ಕಡೆ ಅದು ನೀವು ಮತ್ತು ಕಂಪನಿ ಮಾಡಿಕೊಂಡ ಒಪ್ಪಂದದ ಒಂದು ಭಾಗ. ಷರತ್ತು ಪಾಲಿಸಿದರೆ ಕಾರಿಗೆ ಮತ್ತು ಎದುರಿನವರ ಸೊತ್ತಿಗೆ ಆದ ಹಾನಿಯಲ್ಲಿ ನಿಮ್ಮ ಪಾಲು ಇಷ್ಟೇ ಎಂದು ಕಂಪನಿ ಒಪ್ಪುತ್ತದೆ. ಆ ಪಾಲಿಗೆ ‘ಎಕ್ಸೆಸ್’ ಎಂದು ಹೆಸರು. 4,000, 5,000 ಡಾಲರ್ ಎಕ್ಸೆಸ್ ಇಲ್ಲಿ ಅಪರೂಪವಲ್ಲ. ಷರತ್ತು ಮುರಿದರೆ ಪೂರ್ತಿ ನಷ್ಟಕ್ಕೆ ನಿಮ್ಮನ್ನೇ ಕೇಳುತ್ತಾರೆ. ನಮ್ಮ ಹುಡುಗನಿಗೆ ಆದದ್ದು ಅದೇ.

ದಿನಕ್ಕೆ ಇಂತಿಷ್ಟು ಹೆಚ್ಚು ಕೊಟ್ಟರೆ ಎಕ್ಸೆಸ್ ಕಡಿಮೆ ಮಾಡುತ್ತೇವೆ ಅನ್ನುವುದು ಕೌಂಟರಿನ ಮಾಮೂಲಿ ಮಾತು. ದಿನಕ್ಕೆ 35 ಡಾಲರ್ ಅಂತಿಟ್ಟುಕೊಳ್ಳಿ, ವಾರಕ್ಕೆ 245. ಅದೇ ಎಕ್ಸೆಸ್ಸಿಗೆ ಬೇರೆ ವಿಮಾ ಕಂಪನಿಯಿಂದ ಪ್ರತ್ಯೇಕ ಪಾಲಿಸಿ ಎಷ್ಟೋ ಕಡಿಮೆಗೆ ಸಿಗುತ್ತದೆ. ಆದರೆ ಲೆಕ್ಕ ಬರೆಯುವವರಾಗಿ ಒಂದು ಮಾತು ಹೇಳಲೇಬೇಕು: ಬೇರೆ ಪಾಲಿಸಿಯಾದರೆ ಬಾಡಿಗೆ ಕಂಪನಿ ಮೊದಲು ನಿಮ್ಮ ಕಾರ್ಡಿನಿಂದ ಎಕ್ಸೆಸ್ ಪೂರ್ತಿ ಎಳೆದುಕೊಳ್ಳುತ್ತದೆ. ಆಮೇಲೆ ನೀವು ಬಿಲ್, ರಸೀದಿ ಕೊಟ್ಟು ವಿಮಾ ಕಂಪನಿಯಿಂದ ವಾಪಸ್ ಪಡೆಯಬೇಕು. ಕಾರ್ಡಿನಲ್ಲಿ ಅಷ್ಟು ಹಣ ಇಲ್ಲದವರಿಗೆ ಈ ಅಗ್ಗದ ಪಾಲಿಸಿ ಅಗ್ಗವಲ್ಲ.

ಇನ್ನು ಎಷ್ಟೇ ಕೊಟ್ಟರೂ ‘ಫುಲ್’ ಆಗದ ಕೆಲವು ಇವೆ. ಕಾರಿನ ಮಾಡಿಗೆ ಮತ್ತು ಅಡಿಗೆ ಆದ ಹಾನಿ, ನೀರಿಗೆ ಇಳಿಸಿದ್ದು, ತಪ್ಪು ಇಂಧನ ಹಾಕಿದ್ದು, ಡಾಮರಿಲ್ಲದ ರಸ್ತೆಗೆ ಒಯ್ದದ್ದು. ಇವು ಹಲವು ಒಪ್ಪಂದಗಳಲ್ಲಿ ಹೊರಗೇ ಉಳಿಯುತ್ತವೆ. ಮೆಲ್ಬರ್ನಿನ ಮೊಂಟಾಗ್ಯೂ ಸ್ಟ್ರೀಟ್ ಸೇತುವೆಯ ಎತ್ತರ ಬರೀ 3 ಮೀಟರ್. ಎಷ್ಟು ಬೋರ್ಡ್ ಹಾಕಿದರೂ ಲಾರಿ, ವ್ಯಾನುಗಳು ಹೋಗಿ ಅದಕ್ಕೆ ಗುದ್ದುವುದು ನಿಂತಿಲ್ಲ. ಮನೆ ಖಾಲಿ ಮಾಡುವಾಗ ಬಾಡಿಗೆ ಟ್ರಕ್ ತೆಗೆದುಕೊಳ್ಳುವ ನಮ್ಮವರು ಅದರ ಎತ್ತರ ಕೇಳಿಯೇ ಹೊರಡಲಿ. ಮಾಡು ಹಾರಿದರೆ ಅದರ ಖರ್ಚು ನಿಮ್ಮದೇ. ಹೆದ್ದಾರಿಯಲ್ಲಿ ಕಾಂಗರೂ ಅಡ್ಡ ಬರುವುದೂ ತಮಾಷೆಯಲ್ಲ. ಬೇರೆ ವಾಹನ ಇಲ್ಲದ ಅಪಘಾತಕ್ಕೆ ಎಕ್ಸೆಸ್ ಹೆಚ್ಚು ಮಾಡುವ ಒಪ್ಪಂದಗಳಿವೆ. ಮುಸ್ಸಂಜೆ ಮತ್ತು ಬೆಳಗಿನ ಜಾವ ಓಡಿಸದಿದ್ದರೆ ಒಳ್ಳೆಯದು.

ನಮಗೆ ಹೆಚ್ಚು ಹೆದರಿಕೆ ಇರುವುದು ಇನ್ನೆರಡು ವಿಷಯಗಳಲ್ಲಿ. ಒಂದು, ಸ್ವಂತ ಓಡಾಟಕ್ಕೆಂದು ತೆಗೆದ ಕಾರಿನಲ್ಲಿ ರಾತ್ರಿ ಊಟದ ಡೆಲಿವರಿ ಮಾಡುವುದು. ‘ಯಾರಿಗೆ ಗೊತ್ತಾಗುತ್ತೆ’ ಅನ್ನುತ್ತಾರೆ. ಅಪಘಾತವಾದ ದಿನ ಆ್ಯಪಿನಲ್ಲಿ ಎಲ್ಲಾ ದಾಖಲೆ ಇರುತ್ತದೆ. ಆ ಕೆಲಸಕ್ಕೆಂದೇ ಬಾಡಿಗೆಗೆ ಕೊಡುವ ಕಂಪನಿಗಳಿವೆ, ಬಾಡಿಗೆ ಹೆಚ್ಚಾದರೂ ಅಲ್ಲಿಗೇ ಹೋಗಿ. ಇನ್ನೊಂದು ಲೈಸೆನ್ಸ್. ತಾತ್ಕಾಲಿಕ ವೀಸಾದಲ್ಲಿ ಇರುವವರು ಊರಿನ ಲೈಸೆನ್ಸಿನಲ್ಲಿ ಆರು ತಿಂಗಳಷ್ಟೇ ಓಡಿಸಬಹುದು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸಿನಲ್ಲಿ 2023ರ ಜುಲೈಯಿಂದ ಈ ನಿಯಮ ಇದೆ, ಮೆಲ್ಬರ್ನಿನ ವಿಕ್ಟೋರಿಯಾದಲ್ಲೂ ಇಂಥದ್ದೇ ಮಿತಿ. ಗಡುವು ಮುಗಿದ ಲೈಸೆನ್ಸಿನಲ್ಲಿ ಓಡಿಸಿದರೆ ಪೊಲೀಸ್ ದಂಡಕ್ಕಿಂತ ಕವರ್ ಕೈಬಿಡುವುದೇ ದೊಡ್ಡ ಪೆಟ್ಟು.

ಹಾಗೆಂದು ಕಂಪನಿ ಬರೆದದ್ದೆಲ್ಲ ವೇದವಾಕ್ಯವಲ್ಲ. ಗ್ರಾಹಕರ ಪರವಾಗಿ ಎಸಿಸಿಸಿ ಎಂಬ ಸರಕಾರಿ ಆಯೋಗ ಹೂಡಿದ ದಾವೆಯಲ್ಲಿ, 2016ರಲ್ಲಿ ಫೆಡರಲ್ ನ್ಯಾಯಾಲಯ ಯೂರೋಪ್‌ಕಾರ್ ಹೆಸರಿನ ಬಾಡಿಗೆ ಕಂಪನಿಯ ಕೆಲವು ಷರತ್ತುಗಳನ್ನು ಅನ್ಯಾಯದವು ಎಂದು ಘೋಷಿಸಿತು. ಗ್ರಾಹಕರು ಗರಿಷ್ಠ ಎಷ್ಟು ಕಟ್ಟಬೇಕಾದೀತು ಎಂದು ದಾರಿ ತಪ್ಪಿಸುವಂತೆ ಹೇಳಿದ್ದಕ್ಕೆ 1 ಲಕ್ಷ ಡಾಲರ್ ದಂಡವನ್ನೂ ಹಾಕಿತು. 2023ರ ನವೆಂಬರಿನಿಂದ ಅನ್ಯಾಯದ ಷರತ್ತು ಹಾಕುವುದೇ ದಂಡನೀಯ. ಬಿಲ್ ಹೆಚ್ಚಾಯಿತು ಅನ್ನಿಸಿದರೆ ರಿಪೇರಿಯ ಇನ್‌ವಾಯ್ಸ್ ಕೇಳಿ, ಉತ್ತರ ಬರಹದಲ್ಲೇ ಬರಲಿ. ಅಲ್ಲಿ ಮುಗಿಯದಿದ್ದರೆ ಸಿಡ್ನಿಯಲ್ಲಿ ಎನ್‌ಎಸ್‌ಡಬ್ಲ್ಯೂ ಫೇರ್ ಟ್ರೇಡಿಂಗ್, ಮೆಲ್ಬರ್ನಿನಲ್ಲಿ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾಗೆ ದೂರು ಕೊಡಬಹುದು. ಖರ್ಚಿಲ್ಲ.

ಕಾರು ತೆಗೆದುಕೊಳ್ಳುವಾಗ ಮತ್ತು ಬಿಡುವಾಗ ನಾಲ್ಕೂ ಬದಿ, ಮಾಡು, ಚಕ್ರ, ಗಾಜು ಎಲ್ಲದರ ವೀಡಿಯೋ ಮಾಡಿ. ಓಡಿಸುವವರೆಲ್ಲರ ಹೆಸರು ಕೌಂಟರಿನಲ್ಲೇ ಬರೆಸಿ. ಕೆಲವು ಕಡೆ ಇದಕ್ಕೆ ದಿನಕ್ಕೆ ಚೂರು ಹಣ ಕೊಡಬೇಕಾಗುತ್ತದೆ, ಕೊಟ್ಟುಬಿಡಿ.

ನಮ್ಮ ಹುಡುಗನ ವಿಷಯದಲ್ಲಿ ಇನ್‌ವಾಯ್ಸ್ ತರಿಸಿ ನೋಡಿದೆವು. ಮೊದಲೇ ಇದ್ದ ಗೀರೊಂದರ ಖರ್ಚು ಅದರಲ್ಲಿ ಸೇರಿತ್ತು, ಅವನ ಫೋನಿನ ಫೋಟೋ ತೋರಿಸಿದ ಮೇಲೆ ತೆಗೆದರು. ಉಳಿದದ್ದಕ್ಕೆ ಕಂತು ಕೇಳಿದೆವು, ಒಪ್ಪಿದರು. ತಿಂಗಳಿಗೆ 400ರಂತೆ ಕಟ್ಟುತ್ತಿದ್ದಾನೆ. ಮದುವೆಯನ್ನು ಮುಂದೆ ಹಾಕಿದ್ದಾರೆ.